ಆಲೆಮನೆಯ ಉಷ್ಣದಕ್ಷತೆ

ಒಲೆಯಲ್ಲಿ ಉರಿದ ಉರುವಲು ಕೊಡುವ ಒಟ್ಟು ಶಾಖದಲ್ಲಿ ಕಬ್ಬಿನ ಹಾಲನ್ನು ಬಿಸಿಮಾಡಿ ಅದರ ನೀರನ್ನು ಆವಿಯಾಗಿಸಲು ನಿಜವಾಗಿ ಒದಗಿದ ಪಾಲಿಗೆ ಆಲೆಮನೆಯ ಉಷ್ಣದಕ್ಷತೆ ಎನ್ನುತ್ತಾರೆ. ಇದನ್ನು ಶೇಕಡಾವಾರು ಹೇಳುವುದು ರೂಢಿ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೆಲ್ಲ ತಯಾರಿಕೆ ಹಳೆಯ ಗ್ರಾಮೋದ್ಯೋಗ. ಇಲ್ಲಿನ ಒಲೆಗಳ ಮುಖ್ಯ ಉರುವಲು ಗಾಣದಿಂದ ಹೊರಬರುವ ಕಬ್ಬಿನ ಸಿಪ್ಪೆ, ಅಂದರೆ ರಚ್ಚು. ಆಲೆಮನೆ ತನ್ನದೇ ರಚ್ಚಿನಲ್ಲಿ ನಡೆಯಬಲ್ಲದೇ, ಹೊರಗಿನಿಂದ ಸೌದೆ ಕೊಳ್ಳಬೇಕೇ ಎಂಬುದನ್ನು ತೀರ್ಮಾನಿಸುವುದು ಈ ದಕ್ಷತೆಯೇ.

ಈ ಲೇಖನದಲ್ಲಿ ಉಷ್ಣದಕ್ಷತೆ ಎಂಬ ಪದವನ್ನು ಉರುವಲು ಸುಡುವ ಒಲೆಗೆ ಮಾತ್ರ ಬಳಸಿದೆ. ವಿದ್ಯುತ್ತಿನಿಂದ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಶಾಖ ಪಂಪಿನ ಅಳತೆಗೆ ಕಾರ್ಯಗುಣಾಂಕ ಎಂಬ ಪದವಿದೆ. ದಕ್ಷತೆ ನೂರನ್ನು ಮೀರದು, ಕಾರ್ಯಗುಣಾಂಕ ಒಂದನ್ನು ಮೀರಬಲ್ಲದು. ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ತಪ್ಪು.

ಹಿನ್ನೆಲೆ

ಕಾವೇರಿ ಬಯಲಿನ ಕಬ್ಬು ಕನ್ನಂಬಾಡಿ ಅಣೆಕಟ್ಟಿಗಿಂತ ಹಳೆಯದು. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆ ಮತ್ತು ಬಂಗಾರದೊಡ್ಡಿ ನಾಲೆಗಳ ನೀರಿನಲ್ಲಿ ಕಬ್ಬು ಬೆಳೆಯುತ್ತಿದ್ದರು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ರಸ್ತಾಳಿ ಮತ್ತು ಪಟ್ಟಾಪಟ್ಟಿ ಕಬ್ಬುಗಳನ್ನೂ ಬೆಲ್ಲ ಮಾಡುವ ಕ್ರಮವನ್ನೂ ದಾಖಲಿಸಿದ್ದಾನೆ. 19ನೇ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ರೈತರು ಮಾಡಿದ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧೀಕರಿಸುವುದು ಅದರ ಕೆಲಸ.

ಕನ್ನಂಬಾಡಿ ಕಟ್ಟೆ ಮತ್ತು ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಇರ್ವಿನ್ ನಾಲೆ ಬಂದ ಮೇಲೆ, 1930ರ ದಶಕದಿಂದ, ಕಬ್ಬಿನ ಪ್ರದೇಶ ಹರಡಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಖಾಸಗಿ ಕಾರ್ಖಾನೆಯೂ ಬಂದವು. ಆದರೂ ಆಲೆಮನೆ ಅಳಿಯಲಿಲ್ಲ. ಕಾರ್ಖಾನೆ ನಿಂತಾಗ, ಕಬ್ಬು ಕಡಿಯುವ ಸರದಿ ತಡವಾದಾಗ, ಹಣ ಬಾಕಿ ಉಳಿದಾಗ ರೈತನಿಗೆ ಉಳಿಯುವ ದಾರಿ ಆಲೆಮನೆಯದೇ.

ನಾಲ್ಕು ತಾಲ್ಲೂಕುಗಳ ನೀರಿನ ಸ್ಥಿತಿ ಒಂದೇ ಅಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರಕ್ಕೆ ಕಾವೇರಿ ನಾಲೆಗಳಿವೆ. ಕೆ.ಆರ್. ಪೇಟೆಗೆ ಹೇಮಾವತಿ ಇದೆ. ನಾಗಮಂಗಲ ಬಹುಪಾಲು ಮಳೆ ಮತ್ತು ಕೊಳವೆಬಾವಿಯ ನೆಲ, ರಾಗಿ ಮತ್ತು ತೆಂಗಿನ ಸೀಮೆ. ಹಾಗಾಗಿ ರಚ್ಚಿನ ಜೊತೆಗೆ ಒಲೆಗೆ ಹೋಗುವ ಪೂರಕ ಉರುವಲೂ ಊರಿಂದೂರಿಗೆ ಬೇರೆ: ಕಬ್ಬಿನ ಒಣಗರಿ, ತೆಂಗಿನ ಮಟ್ಟೆ, ಜಾಲಿ ಅಥವಾ ನೀಲಗಿರಿ ಸೌದೆ.

ಒಲೆಯ ರಚನೆ

ಸಾಂಪ್ರದಾಯಿಕ ಒಲೆ ನೆಲದಲ್ಲಿ ತೋಡಿದ ಗುಳಿ. ಸುತ್ತ ಇಟ್ಟಿಗೆ ಮತ್ತು ಮಣ್ಣಿನ ಗೋಡೆ, ಮೇಲೆ ಅಗಲವಾದ ಕಬ್ಬಿಣದ ಕೊಪ್ಪರಿಗೆ, ಮುಂದೆ ಉರಿ ಹಾಕುವ ಬಾಯಿ, ಹಿಂದೆ ಹೊಗೆಗೂಡು. ಗಾಣದಲ್ಲಿ ಅರೆದ ಹಾಲು ಸೋಸಿ ಕೊಪ್ಪರಿಗೆಗೆ ಬರುತ್ತದೆ. ಕಾಯುತ್ತಿದ್ದಂತೆ ಸುಣ್ಣದ ತಿಳಿಯನ್ನೋ ಬೆಂಡೆ ಗಿಡದ ಲೋಳೆಯನ್ನೋ ಹಾಕಿ, ಮೇಲೆ ಬಂದ ಮಡ್ಡಿಯನ್ನು ತೆಗೆಯುತ್ತಾರೆ. ಆಮೇಲೆ ಜೋರು ಉರಿಯಲ್ಲಿ ನೀರು ಹೋಗಿ ಪಾಕ ಬಲಿಯುತ್ತದೆ. ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು ಇಲ್ಲಿನ ಪರೀಕ್ಷೆ. ಸರಿಯಾದ ಪಾಕ ಬಂದೊಡನೆ ಕೊಪ್ಪರಿಗೆ ಇಳಿಸಿ, ತಣಿಸಿ, ಅಚ್ಚಿಗೆ ತುಂಬುತ್ತಾರೆ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಉಂಡೆ ಬೆಲ್ಲ, ಪುಡಿ ಬೆಲ್ಲ ಎಂಬ ಭೇದ ಬರುವುದು ಈ ಹಂತದಲ್ಲಿ.

ಗಟ್ಟಿ ಬೆಲ್ಲದ ಪಾಕ ಸುಮಾರು 116ರಿಂದ 118 ಡಿಗ್ರಿ ಸೆಲ್ಸಿಯಸ್, ಪುಡಿ ಬೆಲ್ಲದ್ದು 120ಕ್ಕೂ ತುಸು ಮೇಲೆ, ಜೋನಿ ಬೆಲ್ಲದ್ದು 105ರ ಆಸುಪಾಸು ಎಂದು ಕೈಪಿಡಿಗಳು ಹೇಳುತ್ತವೆ. ಇಲ್ಲಿ ಒಂದು ಎಚ್ಚರ ಬೇಕು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಈ ಪ್ರದೇಶದಲ್ಲಿ ನೀರು ಕುದಿಯುವುದು 98 ಡಿಗ್ರಿಯ ಸುತ್ತ. ಪಾಕದ ಉಷ್ಣತೆಯೂ ಅದೇ ಅಂತರದಲ್ಲಿ ಇಳಿಯುತ್ತದೆ. ತಾಪಮಾಪಕವನ್ನು ಮೊದಲು ಕುದಿಯುವ ನೀರಿನಲ್ಲಿಟ್ಟು ಸ್ಥಳೀಯ ಕುದಿಬಿಂದು ಗುರುತಿಸಿಕೊಂಡರೆ ಪಾಕ ಮೀರಿ ಕಪ್ಪಾಗುವುದು ತಪ್ಪುತ್ತದೆ.

ಶಾಖ ಹೋಗುವ ದಾರಿಗಳು

ಹೊಗೆಗೂಡಿನಿಂದ ಹೊರಡುವ ಬಿಸಿ ಅನಿಲ ಅತಿ ದೊಡ್ಡ ಸೋರಿಕೆ. ಒಂದೇ ಕೊಪ್ಪರಿಗೆಯ ಒಲೆಯಲ್ಲಿ ಜ್ವಾಲೆ ಕೊಪ್ಪರಿಗೆಯ ತಳವನ್ನು ಒಮ್ಮೆ ಸವರಿ ನೇರ ಹೊರಟುಹೋಗುತ್ತದೆ. ಹೊಗೆ ನೂರಾರು ಡಿಗ್ರಿ ಬಿಸಿಯಲ್ಲೇ ಆಕಾಶ ಸೇರುತ್ತದೆ. ಇದಕ್ಕೆ ಕೂಡಿಕೊಳ್ಳುವುದು ಹೆಚ್ಚುವರಿ ಗಾಳಿ. ಜಾಲರಿಯಿಲ್ಲದ, ಬಾಯಿ ಸದಾ ತೆರೆದ ಒಲೆ ಉರಿಗೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನೂ ಕಾಯಿಸುವ ಕೆಲಸ ರಚ್ಚಿನ ಮೇಲೆ ಬೀಳುತ್ತದೆ. ಸಸ್ಯಜನ್ಯ ಉರುವಲು ಗಾಳಿ ವ್ಯರ್ಥವಾಗದಂತೆ ಪೂರ್ಣ ಉರಿದರೆ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 20ರ ಹತ್ತಿರ ಇರುತ್ತದೆ. ಅಳತೆಯಲ್ಲಿ ಅದು ಶೇ. 7 ಬಂದರೆ ಒಲೆಗೆ ಬೇಕಾದದ್ದರ ಸುಮಾರು ಮೂರು ಪಟ್ಟು ಗಾಳಿ ಹೊಕ್ಕಿದೆ ಎಂದರ್ಥ.

ಎರಡನೆಯ ಸೋರಿಕೆ ಉರುವಲಿನ ತೇವ. ಗಾಣದಿಂದ ಆಗತಾನೆ ಬಂದ ರಚ್ಚಿನ ತೂಕದಲ್ಲಿ ಅರ್ಧದಷ್ಟು ನೀರೇ. ಅಂಥ ರಚ್ಚಿನ ನಿವ್ವಳ ಉಷ್ಣಮೌಲ್ಯ ಕಿಲೋಗ್ರಾಮಿಗೆ 7ರಿಂದ 8 ಮೆಗಾಜೂಲ್. ಅಂಗಳದಲ್ಲಿ ಹರವಿ ತೇವ ಶೇ. 10ಕ್ಕೆ ಇಳಿಸಿದರೆ ಅದು 15 ದಾಟುತ್ತದೆ. ತೂಕ ಅರ್ಧವಾದರೂ ಒಟ್ಟು ಶಾಖ ಹೆಚ್ಚುತ್ತದೆ, ಏಕೆಂದರೆ ಒಲೆಯಲ್ಲಿ ಆವಿಯಾಗಬೇಕಿದ್ದ ನೀರನ್ನು ಬಿಸಿಲು ಉಚಿತವಾಗಿ ಒಯ್ದಿರುತ್ತದೆ. ಮಳೆಗಾಲದಲ್ಲಿ ರಚ್ಚು ಒಣಗುವುದಿಲ್ಲ. ಒಲೆ ಅದೇ ಆಗಿದ್ದರೂ ಆಗ ದಕ್ಷತೆ ಕುಸಿಯುತ್ತದೆ. ಹೊದಿಕೆಯ ಕೆಳಗೆ ಒಣರಚ್ಚು ಕೂಡಿಡುವುದು ಒಲೆ ಬದಲಿಸುವಷ್ಟೇ ಬೆಲೆಯ ಸುಧಾರಣೆ ಎಂದು ಈ ಲೆಕ್ಕದಿಂದ ಹೇಳಬಹುದು.

ಅರೆಬೆಂದ ಕರಿ, ಬೂದಿಯಲ್ಲಿ ಉಳಿದ ಕೆಂಡ, ಗೋಡೆ ಮತ್ತು ನೆಲ ಹೀರುವ ಶಾಖ, ಕೊಪ್ಪರಿಗೆಯ ಅಂಚಿನಿಂದ ಗಾಳಿಗೆ ಹೋಗುವುದು ಇವೆಲ್ಲ ಉಳಿದ ಸೋರಿಕೆಗಳು. ದಿನದ ಮೊದಲ ಕೊಪ್ಪರಿಗೆಗೆ ಹೆಚ್ಚು ಉರುವಲು ಹಿಡಿಯುವುದು ತಣ್ಣಗಿದ್ದ ಗೋಡೆಯ ದೆಸೆಯಿಂದ.

ಅಳೆಯುವ ಕ್ರಮ

ಬಾಯ್ಲರುಗಳ ದಕ್ಷತೆ ಪರೀಕ್ಷೆಗೆ ಭಾರತೀಯ ಮಾನಕ ಐಎಸ್ 8753, ಸೌದೆ ಒಲೆಗಳಿಗೆ ಐಎಸ್ 13152 ಇವೆ. ಎರಡೂ ಆಲೆಮನೆಗೆಂದು ಬರೆದವಲ್ಲ, ಆದರೆ ಅವುಗಳ ತತ್ವ ಇಲ್ಲಿಗೂ ಸಲ್ಲುತ್ತದೆ. ವಿಧಾನಗಳು ಎರಡು.

ನೇರ ವಿಧಾನದಲ್ಲಿ ಒಳಬಂದ ಶಾಖವನ್ನೂ ಉಪಯೋಗಕ್ಕೆ ಬಂದ ಶಾಖವನ್ನೂ ಪ್ರತ್ಯೇಕವಾಗಿ ಲೆಕ್ಕಹಾಕುತ್ತಾರೆ. ಇದಕ್ಕೆ ಬೇಕಾದವು ತೂಕದ ಯಂತ್ರ, ತಾಪಮಾಪಕ ಮತ್ತು ಹಾಲಿನಲ್ಲಿ ಕರಗಿರುವ ಘನಾಂಶ ತೋರಿಸುವ ಬ್ರಿಕ್ಸ್ ಮಾಪಕ. ಕೊಪ್ಪರಿಗೆಗೆ ಬಿದ್ದ ಹಾಲಿನ ತೂಕ, ಅದರ ಉಷ್ಣತೆ, ಬ್ರಿಕ್ಸ್, ತೆಗೆದ ಮಡ್ಡಿಯ ತೂಕ, ಬಂದ ಬೆಲ್ಲದ ತೂಕ ಇಷ್ಟನ್ನು ಬರೆದುಕೊಂಡರೆ ಆವಿಯಾದ ನೀರು ಎಷ್ಟೆಂದು ತಿಳಿಯುತ್ತದೆ. ಉರಿ ಹಾಕಿದ ರಚ್ಚನ್ನು ಕಟ್ಟುಕಟ್ಟಾಗಿ ತೂಗಬೇಕು. ಅದರ ಒಂದು ಮಾದರಿಯನ್ನು ಒಲೆಗೆ ಹಾಕುವ ಹೊತ್ತಿನಲ್ಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಆಮೇಲೆ ಒಣಗಿಸಿ ತೇವಾಂಶ ನೋಡಬೇಕು. ಉಷ್ಣಮೌಲ್ಯವನ್ನು ಪ್ರಯೋಗಾಲಯದ ಬಾಂಬ್ ಕ್ಯಾಲೊರಿಮೀಟರಿನಲ್ಲಿ ಕಂಡುಕೊಳ್ಳುತ್ತಾರೆ.

ಪರೋಕ್ಷ ವಿಧಾನದಲ್ಲಿ ನಷ್ಟಗಳನ್ನು ಒಂದೊಂದಾಗಿ ಅಳೆದು ನೂರರಿಂದ ಕಳೆಯುತ್ತಾರೆ. ಹೊಗೆಯ ಉಷ್ಣತೆಗೆ ಥರ್ಮೋಕಪಲ್, ಅದರ ಸಂಯೋಜನೆಗೆ ಅನಿಲ ವಿಶ್ಲೇಷಕ ಬೇಕು. ಖರ್ಚು ಹೆಚ್ಚು, ಆದರೆ ಶಾಖ ಎಲ್ಲಿ ಸೋರುತ್ತಿದೆ ಎಂಬುದನ್ನು ಈ ವಿಧಾನವೇ ತೋರಿಸುತ್ತದೆ. ನೇರ ವಿಧಾನ ಒಲೆ ಕೆಟ್ಟದ್ದೆಂದು ಹೇಳಿ ಸುಮ್ಮನಾಗುತ್ತದೆ.

ದಕ್ಷತೆಯ ಯಾವ ಅಂಕಿಯೂ ಮೂರು ವಿವರಗಳಿಲ್ಲದೆ ಪೂರ್ಣವಲ್ಲ: ಉರುವಲಿನ ತೇವಾಂಶ, ಲೆಕ್ಕಕ್ಕೆ ಹಿಡಿದದ್ದು ಒಟ್ಟು ಉಷ್ಣಮೌಲ್ಯವೋ ನಿವ್ವಳವೋ, ಪರೀಕ್ಷೆ ಒಂದು ಕೊಪ್ಪರಿಗೆಯದೋ ಇಡೀ ದಿನದ್ದೋ. ಒಟ್ಟು ಉಷ್ಣಮೌಲ್ಯ ಹಿಡಿದರೆ ಅದೇ ಒಲೆಯ ದಕ್ಷತೆ ಕಡಿಮೆ ಕಾಣುತ್ತದೆ. ಬೇರೆಬೇರೆ ವರದಿಗಳ ಅಂಕಿಗಳು ಒಂದಕ್ಕೊಂದು ಹೊಂದದಿರಲು ಹೆಚ್ಚಾಗಿ ಇದೇ ಕಾರಣ.

ಮಾದರಿ ಲೆಕ್ಕ

1000 ಕಿಲೋಗ್ರಾಂ ಕಬ್ಬನ್ನು ಗಾಣದಲ್ಲಿ ಅರೆದು 600 ಕಿಲೋಗ್ರಾಂ ಹಾಲು ಬಂತು, ಅದರ ಬ್ರಿಕ್ಸ್ 18, ಉಷ್ಣತೆ 27 ಡಿಗ್ರಿ ಎಂದಿಟ್ಟುಕೊಳ್ಳಬಹುದು. 10 ಕಿಲೋಗ್ರಾಂ ಮಡ್ಡಿ ಹೋಗಿ 110 ಕಿಲೋಗ್ರಾಂ ಬೆಲ್ಲ ಸಿಕ್ಕರೆ ಆವಿಯಾದ ನೀರು 480 ಕಿಲೋಗ್ರಾಂ.

ಹಾಲಿನ ವಿಶಿಷ್ಟೋಷ್ಣ ಕಿಲೋಗ್ರಾಂ-ಡಿಗ್ರಿಗೆ ಸುಮಾರು 3.9 ಕಿಲೋಜೂಲ್. 27ರಿಂದ 98 ಡಿಗ್ರಿಗೆ ಏರಿಸಲು 166 ಮೆಗಾಜೂಲ್ ಬೇಕು. ನೀರಿನ ಆವೀಕರಣದ ಗುಪ್ತೋಷ್ಣ ಕಿಲೋಗ್ರಾಮಿಗೆ ಸುಮಾರು 2260 ಕಿಲೋಜೂಲ್, ಆದ್ದರಿಂದ 480 ಕಿಲೋಗ್ರಾಮಿಗೆ 1085 ಮೆಗಾಜೂಲ್. ಒಟ್ಟು ಉಪಯುಕ್ತ ಶಾಖ 1251 ಮೆಗಾಜೂಲ್. ಕುದಿಸುವವರೆಗಿನ ಕೆಲಸ ಚಿಕ್ಕದು, ಕುದಿಸಿದ ಮೇಲಿನದೇ ಅದರ ಆರು ಪಟ್ಟಿಗೂ ಹೆಚ್ಚು.

ಅದೇ ಕಬ್ಬಿನಿಂದ ಬಂದ 400 ಕಿಲೋಗ್ರಾಂ ಹಸಿ ರಚ್ಚು ಚೆನ್ನಾಗಿ ಒಣಗಿದರೆ ಸುಮಾರು 200 ಕಿಲೋಗ್ರಾಂ. ಕಿಲೋಗ್ರಾಮಿಗೆ 15.5 ಮೆಗಾಜೂಲಿನಂತೆ 3100 ಮೆಗಾಜೂಲ್ ಶಾಖ ಕೈಯಲ್ಲಿದೆ. 1251ನ್ನು 3100ರಿಂದ ಭಾಗಿಸಿದರೆ ಸುಮಾರು ಶೇ. 40. ಈ ಉದಾಹರಣೆಯ ಆಲೆಮನೆ ಸ್ವಂತ ರಚ್ಚಿನಲ್ಲೇ ನಡೆಯಬೇಕಾದರೆ ಒಲೆಯ ದಕ್ಷತೆ ಅಷ್ಟಿರಬೇಕು. ಕಬ್ಬಿನ ನಾರಿನಂಶ ಮತ್ತು ಬ್ರಿಕ್ಸ್ ಹೆಚ್ಚಿದ್ದರೆ, ಅಥವಾ ಗಾಣ ಕಡಿಮೆ ಹಿಂಡಿದರೆ, ಈ ಗಡಿ ತುಸು ಕೆಳಗಿಳಿಯುತ್ತದೆ. ಹಾಲು ತೆಳುವಾಗಿದ್ದರೆ ಮೇಲೇರುತ್ತದೆ.

ದಕ್ಷತೆ ಶೇ. 20 ಇದ್ದರೆ ಇದೇ ಕೆಲಸಕ್ಕೆ 403 ಕಿಲೋಗ್ರಾಂ ಒಣರಚ್ಚು ಬೇಕು, ಅಂದರೆ ಇರುವುದರ ಎರಡು ಪಟ್ಟು. ಅದನ್ನು ಶೇ. 25ಕ್ಕೆ ಏರಿಸಿದರೆ ಸುಮಾರು 80 ಕಿಲೋಗ್ರಾಂ ಉಳಿಯುತ್ತದೆ. 35ರಿಂದ 40ಕ್ಕೆ ಏರಿಸಿದರೆ ಉಳಿಯುವುದು 30 ಕಿಲೋಗ್ರಾಮಿಗೂ ಕಡಿಮೆ. ಅತಿ ಕಳಪೆ ಒಲೆಯ ಸಣ್ಣ ಸುಧಾರಣೆಯೇ ಅತಿ ಹೆಚ್ಚು ಉರುವಲು ಉಳಿಸುತ್ತದೆ. ನೆರವಿನ ಹಣ ಮೊದಲು ಎಲ್ಲಿಗೆ ಹೋಗಬೇಕೆಂಬುದಕ್ಕೆ ಈ ಲೆಕ್ಕವೇ ಉತ್ತರ ಕೊಡುತ್ತದೆ.

ಒಲೆಯ ಬಗೆಗಳು

ಒಂಟಿ ಕೊಪ್ಪರಿಗೆಯ ಸಾಂಪ್ರದಾಯಿಕ ಒಲೆಯ ದಕ್ಷತೆ ಸಾಮಾನ್ಯವಾಗಿ ಶೇ. 20ರ ಆಸುಪಾಸು. ಎರಡು ಅಥವಾ ಮೂರು ಕೊಪ್ಪರಿಗೆಗಳನ್ನು ಹೊಗೆಯ ದಾರಿಯಲ್ಲೇ ಸಾಲಾಗಿ ಕೂರಿಸಿದಾಗ ಮುಂದಿನ ಪಾಕದ ಕೊಪ್ಪರಿಗೆಯನ್ನು ದಾಟಿದ ಬಿಸಿ ಅನಿಲ ಹಿಂದಿನದರಲ್ಲಿ ಹೊಸ ಹಾಲನ್ನು ಕಾಯಿಸುತ್ತದೆ. ದಕ್ಷತೆ ಶೇ. 30ರ ಸುತ್ತ ಏರುತ್ತದೆ. ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆ ಇಂಥ ಒಲೆಗಳನ್ನು ರೂಪಿಸಿದೆ. ಅಲ್ಲಿನ ಎಸ್.ಐ. ಅನ್ವರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಪ್ಪರಿಗೆಯ ತಳಕ್ಕೆ ಸಾಲಾಗಿ ಲೋಹದ ರೆಕ್ಕೆಗಳನ್ನು ಬೆಸೆದು ಶಾಖ ಹೀರುವ ಮೈ ಹೆಚ್ಚಿಸಲಾಗಿತ್ತು. ಶಾಖ ಬಳಕೆಯ ದಕ್ಷತೆ ಶೇ. 9.44ರಷ್ಟು ಹೆಚ್ಚಿ, ಉರುವಲು ಶೇ. 31.34ರಷ್ಟು ಉಳಿಯಿತೆಂದು ಅದು ವರದಿ ಮಾಡಿದೆ. ಜಾಲರಿ, ಗಾಳಿ ನಿಯಂತ್ರಿಸುವ ಬಾಗಿಲು, ಶಾಖನಿರೋಧಕ ಇಟ್ಟಿಗೆ, ಎತ್ತರದ ಚಿಮಣಿ ಇವು ಇತರ ಮಾರ್ಪಾಡುಗಳು.

ಕರ್ನಾಟಕದಲ್ಲಿ ಒಲೆಯ ವಿಜ್ಞಾನಕ್ಕೆ ಗಟ್ಟಿ ನೆಲೆ ಕೊಟ್ಟದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ. ಅದರ ಮೂರು ಪಾತ್ರೆಯ ಅಸ್ತ್ರ ಒಲೆ ಮನೆಬಳಕೆಯದು. ಆದರೂ ಗಾಳಿ ಹದದಲ್ಲಿಟ್ಟು ಒಂದೇ ಉರಿಯನ್ನು ಸಾಲು ಪಾತ್ರೆಗಳಿಗೆ ಹಾಯಿಸುವ ಸೂತ್ರ ಆಲೆಮನೆಗೂ ಅದೇ. ಉಗಿಯಿಂದ ಕಾಯಿಸುವ ಘಟಕಗಳಲ್ಲಿ ಬಾಯ್ಲರು ಬೇರೆ, ಕೊಪ್ಪರಿಗೆ ಬೇರೆ. ದಕ್ಷತೆ ಹೆಚ್ಚು, ಬೆಲ್ಲ ಸೀಯುವುದಿಲ್ಲ, ಆದರೆ ಬಂಡವಾಳ ಸಣ್ಣ ಆಲೆಮನೆಗೆ ಎಟುಕುವುದು ಕಷ್ಟ.

ಶಾಖ ಪಂಪು ಮತ್ತು ಕಾರ್ಯಗುಣಾಂಕ

ಮೇಲಿನ ಎಲ್ಲ ಒಲೆಗಳಿಗೂ ಒಂದು ಸಮಾನ ಮಿತಿ ಇದೆ. ಉಪಯುಕ್ತವೆಂದು ಲೆಕ್ಕಕ್ಕೆ ಬರೆದ ಶಾಖವೂ ಕೊನೆಗೆ ಆವಿಯ ಜೊತೆ ಹಾರಿಹೋಗುತ್ತದೆ. ನೀರನ್ನು ಆವಿಯಾಗಿಸದೆ ಬೇರ್ಪಡಿಸುವ ದಾರಿಯೊಂದನ್ನು ಬಾಂಬೆ ಐಐಟಿಯ ಮಿಲಿಂದ್ ರಾಣೆ ಮತ್ತು ಸಿದ್ಧಾರ್ಥ ಜಬಡೆ 2005ರಲ್ಲಿ ಪ್ರಕಟಿಸಿದರು. ಶಾಖ ಪಂಪಿನಿಂದ ಹಾಲನ್ನು ತಣಿಸಿ, ಅದರ ನೀರನ್ನು ಪದರವಾಗಿ ಮಂಜುಗಡ್ಡೆ ಕಟ್ಟಿಸಿ ತೆಗೆಯುವುದು, ಹೀಗೆ ಬ್ರಿಕ್ಸ್ 20ರಿಂದ 40ಕ್ಕೆ ಏರಿದ ಹಾಲನ್ನು ಮಾತ್ರ ಒಲೆಗೆ ಇಡುವುದು ಅದರ ತಿರುಳು. ನೀರು ಹೆಪ್ಪುಗಟ್ಟುವ ಗುಪ್ತೋಷ್ಣ ಕಿಲೋಗ್ರಾಮಿಗೆ 334 ಕಿಲೋಜೂಲ್, ಆವೀಕರಣದ್ದರ ಏಳನೇ ಒಂದು ಭಾಗದಷ್ಟು. ಹೆಪ್ಪುಗಟ್ಟುವಾಗ ಹೊರಬಂದ ಶಾಖದಿಂದಲೇ ಹಿಂದಿನ ಸುತ್ತಿನ ಮಂಜುಗಡ್ಡೆ ಕರಗುವುದರಿಂದ ಪಂಪು ಶಾಖವನ್ನು ಎತ್ತಬೇಕಾದ ಉಷ್ಣತೆಯ ಅಂತರ ತೀರ ಚಿಕ್ಕದು. ಕಾರ್ಯಗುಣಾಂಕ 9ರ ಆಸುಪಾಸು ಬರುವುದು ಈ ಕಾರಣಕ್ಕೆ.

ತಣಿಸುವ ಕೆಲಸದಲ್ಲಿ ಕಾರ್ಯಗುಣಾಂಕವೆಂದರೆ ಹೊರತೆಗೆದ ಶಾಖವನ್ನು ಪಂಪು ನುಂಗಿದ ವಿದ್ಯುತ್ತಿನಿಂದ ಭಾಗಿಸಿದ ಬೆಲೆ. ಕಾಯಿಸುವ ಕೆಲಸದಲ್ಲಿ ಭಾಜ್ಯ ಒಳಗೆ ಕೊಟ್ಟ ಶಾಖ. ಎರಡನ್ನೂ ಪಂಪಿನ ಎರಡು ತುದಿಗಳಲ್ಲೇ ಲೆಕ್ಕಹಾಕಿದಾಗ ಆದರ್ಶ ಸ್ಥಿತಿಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಒಂದು ಹೆಚ್ಚು. ಅಳೆಯುವಾಗ ಹರಿವಿನ ತೂಕ, ವಿಶಿಷ್ಟೋಷ್ಣ, ಒಳಹೊರ ಉಷ್ಣತೆಯ ಅಂತರ ಮೂರನ್ನು ಗುಣಿಸಿ ಶಾಖ ಪಡೆಯುತ್ತಾರೆ. ಮಂಜುಗಡ್ಡೆಯ ಘಟಕದಲ್ಲಿ ಕಟ್ಟಿದ ಗಡ್ಡೆಯನ್ನು ತೂಗಿ 334ರಿಂದ ಗುಣಿಸಬಹುದು. ವಿದ್ಯುತ್ತಿನ ಲೆಕ್ಕಕ್ಕೆ ಕಂಪ್ರೆಸರಿನ ಜೊತೆ ಫ್ಯಾನು, ನೀರಿನ ಪಂಪುಗಳ ಬಳಕೆಯನ್ನೂ ಸೇರಿಸಬೇಕು. ಅವನ್ನು ಬಿಟ್ಟರೆ ಅಂಕಿ ಸುಳ್ಳಾಗಿ ಹಿಗ್ಗುತ್ತದೆ. ಯಾವ ಉಷ್ಣತೆಗಳ ನಡುವೆ ಅಳೆದದ್ದು ಎಂದು ಹೇಳದ ಕಾರ್ಯಗುಣಾಂಕಕ್ಕೆ ಅರ್ಥವಿಲ್ಲ. 27 ಡಿಗ್ರಿಯ ಗಾಳಿಯಿಂದ ಶಾಖ ತೆಗೆದು 60 ಡಿಗ್ರಿಯಲ್ಲಿ ಬೆಲ್ಲದ ಪುಡಿ ಒಣಗಿಸುವ ಪಂಪಿಗೆ ತಾತ್ವಿಕ ಗರಿಷ್ಠ ಮಿತಿ ಸುಮಾರು 10. ನಿಜವಾದ ಯಂತ್ರಗಳು ಕೊಡುವುದು 3ರಿಂದ 4. ಆ ವಿದ್ಯುತ್ತು ಶೇ. 35 ದಕ್ಷತೆಯ ಕಲ್ಲಿದ್ದಲು ಸ್ಥಾವರದ್ದಾದರೆ, ಕಾರ್ಯಗುಣಾಂಕ 3ರ ಪಂಪು ಮೂಲ ಇಂಧನದ ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿಸಮಕ್ಕೆ ಬಂದು ನಿಲ್ಲುತ್ತದೆ.

ಮಾದರಿ ಲೆಕ್ಕದ 600 ಕಿಲೋಗ್ರಾಂ ಹಾಲನ್ನು ಬ್ರಿಕ್ಸ್ 40ಕ್ಕೆ ತರಲು 330 ಕಿಲೋಗ್ರಾಂ ನೀರನ್ನು ಗಡ್ಡೆ ಕಟ್ಟಿಸಬೇಕು. ಹೊರತೆಗೆಯಬೇಕಾದ ಶಾಖ 110 ಮೆಗಾಜೂಲ್. ಕಾರ್ಯಗುಣಾಂಕ 9 ಆದರೆ ಆ ಕೆಲಸವೊಂದಕ್ಕೇ ಮೂರೂವರೆ ಯೂನಿಟ್‌ನಷ್ಟು ವಿದ್ಯುತ್ತು ಸಾಕು. ಒಲೆಗೆ ಉಳಿಯುವುದು ಸುಮಾರು 430 ಮೆಗಾಜೂಲಿನ ಕೆಲಸ, ಸ್ವಂತ ರಚ್ಚು ಸಾಲಲು ಬೇಕಾದ ದಕ್ಷತೆ ಶೇ. 14. ಆಗ ಈಗಿನ ಗುಳಿ ಒಲೆಯಲ್ಲೂ ರಚ್ಚು ಮಿಗುತ್ತದೆ. ಗಡ್ಡೆಯೊಳಗೆ ಸಿಕ್ಕಿ ನಷ್ಟವಾಗುವ ಸಕ್ಕರೆ, ಯಂತ್ರದ ಬೆಲೆ, ದಿನದಲ್ಲಿ ಕೆಲವೇ ಗಂಟೆ ಬರುವ ತ್ರೀ-ಫೇಸ್ ಕರೆಂಟು ಈ ವಿಧಾನದ ತೊಡಕುಗಳು. ಗಂಟೆಗಳಲ್ಲಿ ಹುಳಿಯುವ ಹಾಲಿಗೆ ಕೊನೆಯದು ಸಣ್ಣ ತೊಡಕಲ್ಲ.

ಈಗಿನ ಸ್ಥಿತಿ

ನಾಲ್ಕೂ ತಾಲ್ಲೂಕುಗಳ ಬೆಲ್ಲಕ್ಕೆ ಮಂಡ್ಯದ ಎಪಿಎಂಸಿ ಪ್ರಾಂಗಣ ಮುಖ್ಯ ಮಾರುಕಟ್ಟೆ. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಗುರುತಿಸಿದ್ದು ಬೆಲ್ಲವನ್ನೇ. ಮಂಡ್ಯದ ವಿ.ಸಿ. ಫಾರಂನಲ್ಲಿರುವ ವಲಯ ಕೃಷಿ ಸಂಶೋಧನಾ ಕೇಂದ್ರ ಕಬ್ಬಿನ ತಳಿಗಳ ಜೊತೆಗೆ ಬೆಲ್ಲ ತಯಾರಿಕೆಯಲ್ಲೂ ಕೆಲಸ ಮಾಡುತ್ತಿದೆ, ಅಲ್ಲಿ ಬೆಲ್ಲ ಪಾರ್ಕ್ ಇದೆ. ಹಲವು ವರ್ಷ ನಿಂತಿದ್ದ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಕಾರ್ಖಾನೆಗಳು ಅರೆಯುವಾಗ ಆಲೆಮನೆಗೆ ಕಬ್ಬಿನ ಬೆಲೆ ಏರುತ್ತದೆ, ಉರುವಲಿನ ಖರ್ಚು ಇಳಿಸುವ ಒತ್ತಡವೂ ಏರುತ್ತದೆ.

ದಕ್ಷತೆ ಕಡಿಮೆಯಿದ್ದು ರಚ್ಚು ಸಾಲದಾದಾಗ ಕೆಲವೆಡೆ ಹಳೆಯ ಟೈರು ಮತ್ತು ಪ್ಲಾಸ್ಟಿಕ್ ತ್ಯಾಜ್ಯವನ್ನು ಸುಡುವುದುಂಟು. ಅವುಗಳ ಉಷ್ಣಮೌಲ್ಯ ಹೆಚ್ಚು, ಬೆಲೆ ಕಡಿಮೆ. ಹೊಗೆ ಉರಿ ಹಾಕುವವನ ಎದೆಗೂ ಪಕ್ಕದ ಊರಿಗೂ ಹೋಗುತ್ತದೆ. ಜಿಲ್ಲಾಡಳಿತ ದಾಳಿ ನಡೆಸಿ ಇದನ್ನು ತಡೆಯುವ ಕ್ರಮ ಕೈಗೊಂಡಿದೆ. ಆದರೆ ಶೇ. 20ರ ಒಲೆ ಶೇ. 20ರದ್ದಾಗಿಯೇ ಉಳಿದರೆ ಮೇಲಿನ ಲೆಕ್ಕದ 200 ಕಿಲೋಗ್ರಾಂ ಒಣರಚ್ಚಿನಷ್ಟು ಕೊರತೆ ಪ್ರತಿ ಟನ್ ಕಬ್ಬಿಗೂ ಇದ್ದೇ ಇರುತ್ತದೆ.